ಗಾಡಿ ಯಾಕೆ ಹೆಚ್ಚು ಪೆಟ್ರೋಲ್ ಕುಡೀತದೆ? ಮನೆಯಲ್ಲೇ ನೋಡಿ ತಿಳಿಯಿರಿ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳಲ್ಲಿ ಹಳೆಯ ಮಾರುತಿ 800 ಕಾರು, ಮಾರುತಿ ಓಮ್ನಿ ಗಾಡಿ ಇನ್ನೂ ಕಾಣಸಿಗುತ್ತವೆ. ಮಾರುತಿ 800 ಕಾರು 1983ರಲ್ಲಿ ಬಂತು, 2014ರಲ್ಲಿ ಅದರ ತಯಾರಿಕೆ ನಿಂತಿತು. ಓಮ್ನಿ 1984ರಲ್ಲಿ ಬಂತು, 2019ರಲ್ಲಿ ನಿಂತಿತು. ತಯಾರಿಕೆ ನಿಂತರೂ ಗಾಡಿ ನಿಂತಿಲ್ಲ. ಕೆಲವರು ಅದರಲ್ಲಿ ಸಂತೆಗೆ ಕಾಯಿಪಲ್ಲೆ ಒಯ್ಯುತ್ತಾರೆ. ಕೆಲವರಿಗೆ ಅದೇ ಮನೆಯ ಗಾಡಿ, ಅದೇ ದುಡಿಮೆಯ ಗಾಡಿ.

ಇಂಥ ಗಾಡಿ ಇದ್ದವರು ಹೇಳುವ ಮಾತು ಒಂದೇ: "ಮೊದಲು ಚಲೋ ಇತ್ತು, ಈಗ ಪೆಟ್ರೋಲ್ ಬಹಳ ಕುಡೀತದೆ." ಗ್ಯಾರೇಜಿಗೆ ಒಯ್ದರೆ "ಕಾರ್ಬೊರೇಟರ್ ಹೋಗಿದೆ, ಬದಲು ಮಾಡಬೇಕು" ಎಂಬ ಮಾತು ಬರಬಹುದು. ಅದು ನಿಜವೂ ಇರಬಹುದು. ಆದರೆ ಎಷ್ಟೋ ಸಲ ದೋಷ ಇರುವುದು ಒಂದು ಕೊಳೆ ಫಿಲ್ಟರಿನಲ್ಲಿ, ಒಂದು ಬಿಗಿದ ಚೋಕ್ ತಂತಿಯಲ್ಲಿ, ಒಂದು ಸೀಳಿದ ರಬ್ಬರ್ ಪೈಪಿನಲ್ಲಿ. ಹಣ ಕೊಡುವ ಮೊದಲು ನೀವೇ ನೋಡಿ ತಿಳಿಯಬಹುದು. ಅದು ಹೇಗೆ ಅಂತ ಈ ಪಾಠದಲ್ಲಿ ಕಲಿಯೋಣ.

ಮಿಶ್ರಣ ಎಂದರೇನು?

ಬತ್ತಿ ಸ್ಟೋವ್ ನೆನಪು ಮಾಡಿಕೊಳ್ಳಿ. ಗಾಳಿ ಸರಿಯಾಗಿ ಸಿಕ್ಕರೆ ಉರಿ ನೀಲಿ ಇರುತ್ತದೆ. ಗಾಳಿ ಕಡಿಮೆಯಾದರೆ ಉರಿ ಹಳದಿ ಆಗ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಎಣ್ಣೆ ಖರ್ಚಾಗ್ತದೆ, ಅನ್ನ ಮಾತ್ರ ಬೇಗ ಬೇಯುವುದಿಲ್ಲ.

ಎಂಜಿನ್ ಒಳಗೂ ಹೀಗೇ. ಅಲ್ಲಿ ಪೆಟ್ರೋಲ್ ಮತ್ತು ಗಾಳಿ ಬೆರೆತು ಉರಿಯುತ್ತವೆ. ಈ ಬೆರಕೆಗೇ ಮಿಶ್ರಣ ಎನ್ನುತ್ತಾರೆ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳಿದರೆ, 1 ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯ ಗಾಳಿಯೆಲ್ಲ ಸೇರಿದರೂ 3 ಲೀಟರ್ ಪೆಟ್ರೋಲಿಗೆ ಮಾತ್ರ ಸಾಕಾಗ್ತದೆ. ಅಂದರೆ ಗಾಡಿ ಪೆಟ್ರೋಲ್ ಕುಡಿಯುವುದಕ್ಕಿಂತ ಗಾಳಿ ಕುಡಿಯುವುದೇ ಹೆಚ್ಚು!

ಹಳೆಯ ಗಾಡಿಗಳಲ್ಲಿ ಈ ಬೆರಕೆ ಮಾಡುವುದು ಕಾರ್ಬೊರೇಟರ್. ಅದು ತಪ್ಪಿದರೆ ಎರಡು ರೀತಿಯಲ್ಲಿ ತಪ್ಪುತ್ತದೆ.

ಒಂದು, ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಮೇಸ್ತ್ರಿಗಳು ಇದನ್ನು ರಿಚ್ ಎನ್ನುತ್ತಾರೆ. ನಾವು ಗಟ್ಟಿ ಮಿಶ್ರಣ ಎನ್ನೋಣ.

ಎರಡು, ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಇದಕ್ಕೆ ಲೀನ್ ಎನ್ನುತ್ತಾರೆ. ನಾವು ತೆಳು ಮಿಶ್ರಣ ಎನ್ನೋಣ.

ಇದರಿಂದ ನಷ್ಟ ಏನು?

ಮೊದಲು ದುಡ್ಡಿನ ಲೆಕ್ಕ. ನಿಮ್ಮ ಗಾಡಿ ತಿಂಗಳಿಗೆ 1,200 ಕಿಲೋಮೀಟರ್ ಓಡ್ತದೆ ಅಂತ ತಿಳಿಯಿರಿ. ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ 80 ಲೀಟರ್ ಸಾಕು. ಅದೇ 12 ಕಿಲೋಮೀಟರಿಗೆ ಇಳಿದರೆ 100 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 2,000 ರೂಪಾಯಿ ಹೆಚ್ಚು ಖರ್ಚು.

ಎರಡನೆಯದು ಎಂಜಿನ್. ಗಟ್ಟಿ ಮಿಶ್ರಣವಾದರೆ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ತೊಳೆದು ಹಾಕ್ತದೆ. ಆಯಿಲ್ ತೆಳ್ಳಗಾಗ್ತದೆ, ಎಂಜಿನ್ ಬೇಗ ಸವೀತದೆ. ತೆಳು ಮಿಶ್ರಣವಾದರೆ ಎಂಜಿನ್ ಅತಿಯಾಗಿ ಕಾಯ್ತದೆ, ವಾಲ್ವ್ ಸುಡಬಹುದು.

ಮೂರನೆಯದು ಜೀವ. ಪೆಟ್ರೋಲ್ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹೆಚ್ಚಾಗಿ ಹುಟ್ಟುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆ ತಿರುಗುವುದು, ವಾಕರಿಕೆ ಬರ್ತದೆ. ಹೆಚ್ಚಾದರೆ ಮನುಷ್ಯ ಎಚ್ಚರ ತಪ್ಪಿ ಸಾಯುತ್ತಾನೆ. ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೈಲೆನ್ಸರ್ ಪೈಪ್ ಸೋರಿದರೆ ಹೊಗೆ ಗಾಡಿಯ ಒಳಗೇ ಬರಬಹುದು. ಗಾಡಿಯಲ್ಲಿ ಕೂತ ಮಕ್ಕಳು "ತಲೆ ನೋಯ್ತದೆ" ಅಂದರೆ ಬಿಸಿಲಿಗೆ ಅಂತ ಸುಮ್ಮನಾಗಬೇಡಿ. ಕಿಟಕಿ ತೆರೆಯಿರಿ, ಗಾಡಿ ನಿಲ್ಲಿಸಿ ಎಲ್ಲರನ್ನೂ ಕೆಳಗೆ ಇಳಿಸಿ. ಯಾರಿಗಾದರೂ ಎಚ್ಚರ ತಪ್ಪುವಂತಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಪರೀಕ್ಷೆಗೆ ಮೊದಲು ಎಚ್ಚರಿಕೆ

1. ಗಾಡಿ ಬಯಲಲ್ಲಿ ನಿಲ್ಲಿಸಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಲೇಬೇಡಿ.
2. ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಕಲ್ಲು ಇಡಿ.
3. ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ದೂರ ಇರಲಿ.
4. ತಿರುಗುವ ಬೆಲ್ಟಿನ ಹತ್ತಿರ ಸೆರಗು, ಟವೆಲ್, ಸಡಿಲ ತೋಳು ಬರಬಾರದು.
5. ಎಂಜಿನ್ ಓಡುವಾಗ ಕಾರ್ಬೊರೇಟರಿನ ಬಾಯಿಗೆ ಮುಖ ಒಡ್ಡಬೇಡಿ. ಕೆಲವು ಸಲ ಅಲ್ಲಿಂದ ಬೆಂಕಿ ಹಿಂದಕ್ಕೆ ಸಿಡೀತದೆ.

ಪರೀಕ್ಷೆ 1: ನೋಟ್‌ಬುಕ್ ಲೆಕ್ಕ

ಟ್ಯಾಂಕ್ ಫುಲ್ ಮಾಡಿಸಿ. ಮೀಟರಿನ ಅಂಕಿ ಬರೆದುಕೊಳ್ಳಿ. ಕೆಲವು ದಿನ ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ಎಷ್ಟು ಲೀಟರ್ ಹಿಡಿಯಿತು, ಮೀಟರ್ ಎಷ್ಟಾಯಿತು, ಎರಡನ್ನೂ ಬರೆಯಿರಿ.

ಉದಾಹರಣೆ: ಮೊದಲು ಮೀಟರ್ 48,210. ಆಮೇಲೆ 48,450. ಓಡಿದ್ದು 240 ಕಿಲೋಮೀಟರ್. ಹಾಕಿಸಿದ್ದು 20 ಲೀಟರ್. 240ನ್ನು 20ರಿಂದ ಭಾಗಿಸಿ. ಉತ್ತರ 12. ಅಂದರೆ ಲೀಟರಿಗೆ 12 ಕಿಲೋಮೀಟರ್.

ಒಂದು ಸಲದ ಲೆಕ್ಕ ನಂಬಬೇಡಿ. ಮೂರು ಸಲ ಬರೆಯಿರಿ. ಟೈರಿನಲ್ಲಿ ಹವಾ ಕಡಿಮೆ ಇದ್ದರೆ, ಬ್ರೇಕ್ ಹಿಡಿದುಕೊಂಡಿದ್ದರೆ, ಭಾರ ಹೆಚ್ಚಿದ್ದರೆ ಆಗಲೂ ಮೈಲೇಜ್ ಬೀಳ್ತದೆ. ಇವನ್ನು ಮೊದಲು ನೋಡಿ. ಇವೆಲ್ಲ ಸರಿ ಇದ್ದೂ ಮೈಲೇಜ್ ಬಿದ್ದಿದ್ದರೆ ಮುಂದಿನ ಪರೀಕ್ಷೆ ಮಾಡಿ.

ಪರೀಕ್ಷೆ 2: ಹೊಗೆಯ ಬಣ್ಣ

ಎಂಜಿನ್ ಬಿಸಿಯಾದ ಮೇಲೆ ಒಬ್ಬರು ಆಕ್ಸಿಲರೇಟರ್ ಒತ್ತಲಿ. ಇನ್ನೊಬ್ಬರು ಹಿಂದೆ ಸ್ವಲ್ಪ ದೂರ ನಿಂತು ಹೊಗೆ ನೋಡಲಿ.

ಕರಿ ಹೊಗೆ ಬಂದರೆ ಪೆಟ್ರೋಲ್ ಹೆಚ್ಚು, ಗಟ್ಟಿ ಮಿಶ್ರಣ.

ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡ್ತಿದೆ. ಇದು ಮಿಶ್ರಣದ ದೋಷ ಅಲ್ಲ.

ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬರುವ ಬಿಳಿ ಹೊಗೆ ನೀರಿನ ಆವಿ. ಭಯ ಬೇಡ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರಿನ ನೀರೂ ಕಡಿಮೆಯಾಗ್ತಿದ್ದರೆ, ನೀರು ಎಂಜಿನ್ ಒಳಗೆ ಹೋಗ್ತಿರಬಹುದು. ಆಗ ಗಾಡಿ ಓಡಿಸಬೇಡಿ.

ತೆಳು ಮಿಶ್ರಣಕ್ಕೆ ಹೊಗೆಯ ಗುರುತು ಇಲ್ಲ. ಅದರ ಗುರುತು ಬೇರೆ: ತಣ್ಣಗಿದ್ದಾಗ ಬೇಗ ಚಾಲೂ ಆಗೋದಿಲ್ಲ. ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ತಡವರಿಸ್ತದೆ. ಕಾರ್ಬೊರೇಟರಿನಲ್ಲಿ "ಫಟ್" ಅಂತ ಸಪ್ಪಳ ಬರ್ತದೆ. ಏರು ಹತ್ತುವಾಗ ಶಕ್ತಿ ಸಾಲುವುದಿಲ್ಲ.

ಪರೀಕ್ಷೆ 3: ಏರ್ ಫಿಲ್ಟರ್

ಎಂಜಿನ್ ಬಂದ್ ಮಾಡಿ. ಫಿಲ್ಟರ್ ಡಬ್ಬಿ ತೆರೆದು ಒಳಗಿನ ಕಾಗದದ ಫಿಲ್ಟರ್ ಹೊರಗೆ ತೆಗೆಯಿರಿ. ಸೂರ್ಯನ ಬೆಳಕಿನ ಕಡೆ ಹಿಡಿಯಿರಿ. ಬೆಳಕು ಕಾಣಿಸಿದರೆ ಫಿಲ್ಟರ್ ಉಸಿರಾಡ್ತದೆ. ಕಾಣಿಸದಿದ್ದರೆ ಧೂಳು ಕಟ್ಟಿದೆ. ನಮ್ಮ ಕಡೆ ಕರಿಮಣ್ಣಿನ ಧೂಳು ಬಹಳ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಓಡುವ ಗಾಡಿಯ ಫಿಲ್ಟರ್ ಬೇಗ ತುಂಬುತ್ತದೆ.

ಮೆಲ್ಲಗೆ ಬಡಿದು ಧೂಳು ಉದುರಿಸಬಹುದು. ಕಾಗದದ ಫಿಲ್ಟರನ್ನು ನೀರಲ್ಲಿ, ಪೆಟ್ರೋಲಿನಲ್ಲಿ ತೊಳೆಯಬೇಡಿ. ಬಹಳ ಕೊಳೆಯಾಗಿದ್ದರೆ ಹೊಸದು ಹಾಕಿ. ಫಿಲ್ಟರ್ ಇಲ್ಲದೆ ಗಾಡಿ ಓಡಿಸಲೇಬೇಡಿ. ಧೂಳು ಒಳಗೆ ಹೋಗಿ ಎಂಜಿನ್ ಉಜ್ಜಿ ತಿನ್ನುತ್ತದೆ.

ಪರೀಕ್ಷೆ 4: ಚೋಕ್

ಚೋಕ್ ಅಂದರೆ ಕಾರ್ಬೊರೇಟರಿನ ಬಾಯಲ್ಲಿರುವ ತಗಡಿನ ಮುಚ್ಚಳ. ಗುಂಡಿ ಎಳೆದರೆ ಅದು ಬಾಯಿ ಮುಚ್ಚುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಗ್ತದೆ. ತಣ್ಣಗಿನ ಎಂಜಿನ್ ಚಾಲೂ ಮಾಡಲು ಇದು ಬೇಕು. ಬಿಸಿಯಾದ ಮೇಲೆ ಬೇಡ.

ಫಿಲ್ಟರ್ ತೆಗೆದಾಗಲೇ, ಎಂಜಿನ್ ಬಂದ್ ಇದ್ದಾಗಲೇ ಇದನ್ನು ನೋಡಿ. ಗುಂಡಿ ಪೂರ್ತಿ ಒಳಗೆ ಒತ್ತಿದಾಗ ತಗಡು ನೆಟ್ಟಗೆ ನಿಲ್ಲಬೇಕು, ಬಾಯಿ ತೆರೆದಿರಬೇಕು. ಓರೆಯಾಗಿ ನಿಂತರೆ ಚೋಕ್ ಅರ್ಧ ಹಾಕಿಯೇ ಗಾಡಿ ಓಡಿಸುತ್ತಿದ್ದೀರಿ ಎಂದರ್ಥ. ತಂತಿಗೆ ಎಣ್ಣೆ ಬಿಟ್ಟು ಸಡಿಲ ಮಾಡಿದರೆ ಅಥವಾ ತಂತಿ ಸರಿಹೊಂದಿಸಿದರೆ ಕೆಲಸ ಮುಗೀತು.

ಚೋಕ್ ಸರಿ ಇದ್ದರೆ ಅದರಿಂದಲೇ ಇನ್ನೊಂದು ಪರೀಕ್ಷೆ ಮಾಡಬಹುದು. ಫಿಲ್ಟರ್ ಮತ್ತೆ ಕೂರಿಸಿ ಡಬ್ಬಿ ಮುಚ್ಚಿ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಆಕ್ಸಿಲರೇಟರ್ ಬಿಟ್ಟು ನಿಧಾನ ಓಡುವಾಗ ಚೋಕ್ ಗುಂಡಿ ಸ್ವಲ್ಪವೇ ಎಳೆಯಿರಿ. ಎಂಜಿನ್ ಮೊದಲಿಗಿಂತ ಸಮನಾಗಿ ಓಡಿದರೆ ಪೆಟ್ರೋಲ್ ಸಾಲುತ್ತಿರಲಿಲ್ಲ, ಮಿಶ್ರಣ ತೆಳುವಾಗಿತ್ತು. ಎಂಜಿನ್ ತೊದಲಿ ನಿಲ್ಲುವಂತಾದರೆ ಮಿಶ್ರಣ ತೆಳುವಿಲ್ಲ. ಸರಿ ಇದೆ, ಇಲ್ಲವೇ ಗಟ್ಟಿಯಾಗಿದೆ. ಗುಂಡಿ ಮತ್ತೆ ಒಳಗೆ ಒತ್ತಲು ಮರೆಯಬೇಡಿ.

ಪರೀಕ್ಷೆ 5: ಪ್ಲಗ್ ಓದುವುದು

ಅಕ್ಷರ ಓದಲು ಕಲಿತ ಹಾಗೆ ಪ್ಲಗ್ ಓದಲೂ ಕಲಿಯಬಹುದು. ಮಾರುತಿ 800 ಮತ್ತು ಓಮ್ನಿಯ 796 ಸಿಸಿ ಎಂಜಿನ್ನಿಗೆ ಮೂರು ಸಿಲಿಂಡರ್, ಮೂರು ಪ್ಲಗ್.

ಗಾಡಿಯನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಎಂಜಿನ್ ಆರಲಿ. ಪ್ಲಗ್ಗಿನ ಸುತ್ತ ಧೂಳು ಒರೆಸಿ. ಒಂದೊಂದೇ ತೆಗೆಯಿರಿ, ಆಗ ತಂತಿ ಅದಲುಬದಲು ಆಗೋದಿಲ್ಲ. ತಂತಿ ಹಿಡಿದು ಎಳೆಯಬೇಡಿ, ತಲೆಯ ಟೋಪಿ ಹಿಡಿದು ಎಳೆಯಿರಿ. ಪ್ಲಗ್ ಪಾನಾದಿಂದ ಬಿಚ್ಚಿ. ತುದಿಯ ಬಣ್ಣ ನೋಡಿ.

ತಿಳಿ ಕಂದು ಬಣ್ಣ, ಅಂದರೆ ಹಾಲು ಹೆಚ್ಚು ಹಾಕಿದ ಚಹದ ಬಣ್ಣ: ಮಿಶ್ರಣ ಸರಿ ಇದೆ.

ಒಣ ಕರಿ ಮಸಿ, ಬೆರಳಿಗೆ ಹತ್ತುವಂಥದ್ದು: ಗಟ್ಟಿ ಮಿಶ್ರಣ.

ಸುಣ್ಣದಂತೆ ಬಿಳಿ, ಕೆಲವು ಸಲ ಸಣ್ಣ ಗುಳ್ಳೆ: ತೆಳು ಮಿಶ್ರಣ, ಎಂಜಿನ್ ಅತಿಯಾಗಿ ಕಾಯ್ತಿದೆ.

ಜಿಡ್ಡು ಜಿಡ್ಡಾದ ಕಪ್ಪು: ಆಯಿಲ್ ಬರ್ತಿದೆ.

ಪೆಟ್ರೋಲಿನಿಂದ ಒದ್ದೆ: ಆ ಪ್ಲಗ್ ಕಿಡಿ ಹಾರಿಸುತ್ತಿಲ್ಲ, ಅಥವಾ ಪೆಟ್ರೋಲ್ ತುಂಬಿಕೊಂಡಿದೆ.

ಈಗ ಮುಖ್ಯವಾದ ಮಾತು ಕೇಳಿ. ಮೂರೂ ಪ್ಲಗ್ ಸಾಲಾಗಿ ಇಟ್ಟು ಹೋಲಿಸಿ. ಮೂರೂ ಒಂದೇ ತರಹ ಕರ್ರಗೆ ಅಥವಾ ಬೆಳ್ಳಗೆ ಇದ್ದರೆ ದೋಷ ಮಿಶ್ರಣದ್ದು. ಯಾಕೆಂದರೆ ಮೂರಕ್ಕೂ ಕಾರ್ಬೊರೇಟರ್ ಒಂದೇ. ಎರಡು ಚಲೋ ಇದ್ದು ಒಂದು ಮಾತ್ರ ಕೆಟ್ಟಿದ್ದರೆ ದೋಷ ಆ ಪ್ಲಗ್ಗಿನದೋ, ಅದರ ತಂತಿಯದೋ, ಆ ಸಿಲಿಂಡರಿನದೋ ಇರಬೇಕು. ಅಂಥಾಗ ಕಾರ್ಬೊರೇಟರ್ ಬದಲಿಸಿದರೆ ಹಣ ದಂಡ.

ಪ್ಲಗ್ ಮರಳಿ ಹಾಕುವಾಗ ಮೊದಲು ಕೈಯಿಂದಲೇ ತಿರುಗಿಸಿ. ಕೈಯಿಂದ ಪೂರ್ತಿ ಕೂತ ಮೇಲೆ ಪಾನಾದಿಂದ ಸ್ವಲ್ಪ ಬಿಗಿ ಮಾಡಿ. ಮೊದಲೇ ಪಾನಾ ಹಾಕಿ ಒತ್ತಿದರೆ ಹೆಡ್ಡಿನ ಥ್ರೆಡ್ ಹಾಳಾಗ್ತದೆ, ಅದು ದೊಡ್ಡ ಖರ್ಚು.

ಪರೀಕ್ಷೆ 6: ರಬ್ಬರ್ ಪೈಪು ಮತ್ತು ಆಯಿಲ್ ಕಡ್ಡಿ

ಕಾರ್ಬೊರೇಟರಿನಿಂದ ಹೋಗುವ ಸಣ್ಣ ರಬ್ಬರ್ ಪೈಪು ಸೀಳಿದರೆ ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗ್ತದೆ. ಮಿಶ್ರಣ ತೆಳುವಾಗ್ತದೆ. ಎಂಜಿನ್ ಬಂದ್ ಮಾಡಿ, ಪೈಪುಗಳನ್ನು ಬಗ್ಗಿಸಿ ಬಿರುಕು ನೋಡಿ. ಎಂಜಿನ್ ಓಡುವಾಗ "ಸ್ಸ್" ಎಂಬ ಸಪ್ಪಳ ಬರ್ತದೆಯೇ ಕೇಳಿ. ಸೋರಿಕೆ ಹುಡುಕಲು ಕೆಲವರು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸಿಂಪಡಿಸುತ್ತಾರೆ. ಅದನ್ನು ಮಾತ್ರ ಮಾಡಬೇಡಿ. ಗಾಡಿಗೆ ಬೆಂಕಿ ಹತ್ತಬಹುದು.

ಆಯಿಲ್ ನೋಡುವ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಪೆಟ್ರೋಲ್ ಆಯಿಲಿಗೆ ಇಳಿದಿದೆ. ಕಾರ್ಬೊರೇಟರಿನ ಫ್ಲೋಟ್ ಸೂಜಿಗೆ ಕಸ ಸಿಕ್ಕು ಪೆಟ್ರೋಲ್ ಉಕ್ಕಿ ಬರ್ತಿರಬಹುದು. ಪೆಟ್ರೋಲ್ ಪಂಪಿನ ಒಳಗಿನ ಪೊರೆ ಹರಿದಿರಲೂಬಹುದು. ಇದು ಮೇಸ್ತ್ರಿಯ ಕೆಲಸ. ರಿಪೇರಿ ಆದ ಮೇಲೆ ಆಯಿಲ್ ಬದಲಿಸಬೇಕು.

ಸ್ಕ್ರೂ ತಿರುಗಿಸಬೇಕೇ?

ಕಾರ್ಬೊರೇಟರಿನಲ್ಲಿ ಮಿಶ್ರಣದ ಸ್ಕ್ರೂ ಇರುತ್ತದೆ. ಹಲವರು ಮೊದಲು ಅದನ್ನೇ ತಿರುಗಿಸ್ತಾರೆ. ಆ ಸ್ಕ್ರೂ ಕೆಲಸ ಮಾಡುವುದು ಬಹುಪಾಲು ಎಂಜಿನ್ ನಿಧಾನ ಓಡುವಾಗ. ರಸ್ತೆಯ ಮೇಲೆ ವೇಗದಲ್ಲಿ ಪೆಟ್ರೋಲ್ ಬರುವುದು ಮುಖ್ಯ ಜೆಟ್ಟಿನಿಂದ. ಹಾಗಾಗಿ ಫಿಲ್ಟರ್ ಕೊಳೆಯಾಗಿದ್ದರೆ, ಚೋಕ್ ಸಿಕ್ಕಿಕೊಂಡಿದ್ದರೆ ಸ್ಕ್ರೂ ತಿರುಗಿಸಿ ಲಾಭ ಇಲ್ಲ. ಒಂದು ದೋಷ ಇದ್ದದ್ದು ಎರಡಾಗ್ತದೆ. ಸ್ಕ್ರೂ ಕೊನೆಯ ಕೆಲಸ. ಹೊಗೆ ಅಳೆಯುವ ಯಂತ್ರ ಇಟ್ಟುಕೊಂಡು ಮಾಡಿದರೆ ಇನ್ನೂ ಒಳ್ಳೆಯದು.

ಪಿಯುಸಿ ಚೀಟಿ ಓದಿ

ಹೊಗೆ ತಪಾಸಣೆಯ ಪಿಯುಸಿ ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಸಿಒ ಎಂದು ಬರೆದ ಅಂಕಿ ನೋಡಿ. ಅದು ಕಾರ್ಬನ್ ಮಾನಾಕ್ಸೈಡ್ ಪ್ರಮಾಣ. ಭಾರತ್ ಸ್ಟೇಜ್ 2 ನಿಯಮಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಶೇಕಡಾ 3ರವರೆಗೆ ಮಿತಿ. ಸ್ಟೇಜ್ 2 ಮತ್ತು 3ರ ಗಾಡಿಗೆ ಶೇಕಡಾ 0.5. ಕಳೆದ ಸಲಕ್ಕಿಂತ ಈ ಅಂಕಿ ಬಹಳ ಏರಿದ್ದರೆ ಮಿಶ್ರಣ ಗಟ್ಟಿಯಾಗ್ತಿದೆ ಎಂದು ತಿಳಿಯಿರಿ. ಹಳೆಯ ಚೀಟಿ ಎಸೆಯಬೇಡಿ, ನೋಟ್‌ಬುಕ್ಕಿಗೆ ಅಂಟಿಸಿ. ಆದರೆ ಗಾಡಿ ನಿಜವಾಗಿ ತಪಾಸಣೆಯಾಗಿ ಬಂದ ಚೀಟಿಗೇ ಬೆಲೆ. ಗಾಡಿ ಒಯ್ಯದೆ ಪಡೆದ ಚೀಟಿಯಿಂದ ನಿಮಗೇನೂ ತಿಳಿಯುವುದಿಲ್ಲ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್

ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳದಿಂದ ಮಾಡುವ ಎಥನಾಲ್ ಈಗ ಪೆಟ್ರೋಲಿಗೆ ಸೇರುತ್ತದೆ. 2022ರಲ್ಲಿ ದೇಶದಲ್ಲಿ ಶೇಕಡಾ 10ರ ಬೆರಕೆ ಆಯಿತು. 2025ರ ಹೊತ್ತಿಗೆ ಶೇಕಡಾ 20 ಮುಟ್ಟಿತು. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು. 1 ಕಿಲೋಗೆ ಸುಮಾರು 9 ಕಿಲೋ ಗಾಳಿ. ಹಳೆಯ ಕಾರ್ಬೊರೇಟರಿಗೆ ಇದು ಗೊತ್ತಾಗೋದಿಲ್ಲ. ಅದು ಮೊದಲಿನಷ್ಟೇ ಗಾಳಿ ಬಿಡ್ತದೆ. ಆದ್ದರಿಂದ ಮಿಶ್ರಣ ಸ್ವಲ್ಪ ತೆಳುವಾಗ್ತದೆ, ಮೈಲೇಜೂ ಸ್ವಲ್ಪ ಇಳೀತದೆ. ಎಥನಾಲ್ ನೀರನ್ನು ಹೀರುತ್ತದೆ. ಹಳೆಯ ರಬ್ಬರನ್ನೂ ಹಾಳು ಮಾಡಬಹುದು. ಹಾಗಾಗಿ ಹಳೆಯ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಬೇಡಿ. ಪೆಟ್ರೋಲ್ ಪೈಪುಗಳನ್ನು ಆಗಾಗ ನೋಡಿ.

ಕಾರ್ಬೊರೇಟರ್ ಇಲ್ಲದ ಗಾಡಿ

2000ದ ನಂತರ ಕಾರುಗಳಲ್ಲಿ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂತು. ಅಲ್ಲಿ ಸೈಲೆನ್ಸರ್ ಪೈಪಿನಲ್ಲಿ ಒಂದು ಸೆನ್ಸರ್ ಇರುತ್ತದೆ. ಅದು ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡ್ತದೆ. ತನ್ನಿಂದ ಆಗದಿದ್ದಾಗ ಮುಂದೆ ಎಂಜಿನ್ ಚಿತ್ರದ ದೀಪ ಹಚ್ಚುತ್ತದೆ. ಮೇಸ್ತ್ರಿ ಸ್ಕ್ಯಾನರ್ ಹಾಕಿದಾಗ ಬರುವ ಅಂಕಿ ಬರೆದುಕೊಳ್ಳಿ. ಪಿ0171 ಎಂದರೆ ತೆಳು ಮಿಶ್ರಣ. ಪಿ0172 ಎಂದರೆ ಗಟ್ಟಿ ಮಿಶ್ರಣ. ಅಂಕಿ ದೋಷವನ್ನು ಹೇಳುತ್ತದೆ, ಕಾರಣ ಹೇಳುವುದಿಲ್ಲ. ಪಿ0171 ಬಂದ ಮಾತ್ರಕ್ಕೆ ಸೆನ್ಸರ್ ಬದಲಿಸಬೇಕಿಲ್ಲ. ಸೀಳಿದ ಪೈಪಿನಿಂದಲೂ ಅದು ಬರ್ತದೆ. ಇಲ್ಲಿಯೂ ಫಿಲ್ಟರ್, ಪೈಪು, ಪ್ಲಗ್ ಮೊದಲು ನೋಡಬೇಕು.

ಮೇಸ್ತ್ರಿಗೆ ಏನು ಹೇಳಬೇಕು?

"ಗಾಡಿ ಸರಿ ಇಲ್ಲ, ನೋಡ್ರಿ" ಎಂದರೆ ಮೇಸ್ತ್ರಿ ಎಲ್ಲವನ್ನೂ ಬಿಚ್ಚಬೇಕಾಗ್ತದೆ. ಹೀಗೆ ಹೇಳಿ ನೋಡಿ:

"ಮೇಸ್ತ್ರಿ, ಮೂರು ಸಲ ಬರದೀನಿ, ಲೀಟರಿಗೆ ಹನ್ನೆರಡೇ ಬರ್ತದ. ಮೊದಲ ಹದಿನೈದು ಬರ್ತಿತ್ತು. ಬಿಸಿ ಆದ ಮ್ಯಾಲ ಕರಿ ಹೊಗಿ ಬರ್ತದ. ಮೂರೂ ಪ್ಲಗ್ ಕರ್ರಗ ಅದಾವ. ಫಿಲ್ಟರ್ ಹೊಸದು ಹಾಕೀನಿ, ಚೋಕ್ ಸರಿ ಐತಿ. ಫ್ಲೋಟ್ ಒಮ್ಮಿ ನೋಡ್ರಿ."

ಇಷ್ಟು ಹೇಳಿದರೆ ಮೇಸ್ತ್ರಿಯ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತೆ. ಒಳ್ಳೆಯ ಮೇಸ್ತ್ರಿಗೆ ಇದರಿಂದ ಖುಷಿಯಾಗ್ತದೆ. ಬದಲಿಸಿದ ಹಳೆಯ ಸಾಮಾನು ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಬರೆದದ್ದನ್ನು ಓದಿ ನೋಡಿ, ಆಮೇಲೆ ಹಣ ಕೊಡಿ. ಬಿಲ್ಲು ಮರಾಠಿಯಲ್ಲಿ ಇದ್ದರೂ ಅಂಕಿ ನಿಮಗೆ ಗೊತ್ತಾಗ್ತದೆ. ಸಾಮಾನಿನ ಹೆಸರು ಓದಿಸಿಕೊಂಡು ನಿಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ.

ನೆನಪಿಡಿ

ಕರಿ ಹೊಗೆ, ಕರಿ ಪ್ಲಗ್: ಪೆಟ್ರೋಲ್ ಹೆಚ್ಚು. ಮೊದಲು ಫಿಲ್ಟರ್ ಮತ್ತು ಚೋಕ್ ನೋಡಿ.
ಬಿಳಿ ಪ್ಲಗ್, ತಡವರಿಕೆ: ಗಾಳಿ ಹೆಚ್ಚು. ಮೊದಲು ರಬ್ಬರ್ ಪೈಪು ನೋಡಿ.
ಒಂದೇ ಪ್ಲಗ್ ಕೆಟ್ಟಿದ್ದರೆ: ಕಾರ್ಬೊರೇಟರ್ ಮುಟ್ಟಬೇಡಿ.
ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ.

ಅಭ್ಯಾಸ

1. ಮೊದಲ ಮೀಟರ್ 51,300. ಎರಡನೆಯದು 51,570. ಪೆಟ್ರೋಲ್ 18 ಲೀಟರ್. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು?
2. ಎರಡು ಪ್ಲಗ್ ತಿಳಿ ಕಂದು, ಒಂದು ಒದ್ದೆ. ದೋಷ ಎಲ್ಲಿರಬಹುದು? ಎರಡು ವಾಕ್ಯ ಬರೆಯಿರಿ.
3. ನಿಮ್ಮ ಅಥವಾ ನೆರೆಯವರ ಗಾಡಿಯ ಪಿಯುಸಿ ಚೀಟಿ ತೆಗೆದುಕೊಂಡು ಬನ್ನಿ. ಅದರ ದಿನಾಂಕ, ಸಿಒ ಅಂಕಿ, ಮುಗಿಯುವ ದಿನ ಮೂರನ್ನೂ ಓದಿ ಹೇಳಿ.